ನಿಮಗಿದು ಗೊತ್ತೇ? – ಸದ್ದಿಲ್ಲದೆ ಸೋರುವ ಫ್ಲಶ್ ಟ್ಯಾಂಕ್

◆ ನಲ್ಲಿ ತೊಟ್ಟಿಕ್ಕಿದರೆ ಮನೆಯಲ್ಲಿ ಯಾರಾದರೊಬ್ಬರು ಎದ್ದು ಹೋಗಿ ಬಿಗಿ ಮಾಡಿ ಬರುತ್ತಾರೆ. ಕಮೋಡ್‌ನ ಫ್ಲಶ್ ಟ್ಯಾಂಕ್ ಸೋರಿದರೆ ಯಾರೂ ಏಳುವುದಿಲ್ಲ. ಅದು ಕಾಣುವುದೂ ಇಲ್ಲ, ಕೇಳಿಸುವುದೂ ಇಲ್ಲ. ಟ್ಯಾಂಕಿನ ತಳದಿಂದ ನುಸುಳಿದ ನೀರು ಪಿಂಗಾಣಿಯ ಹಿಂಬದಿಗೆ ಅಂಟಿಕೊಂಡು ತೆಳ್ಳಗೆ ಇಳಿದು, ಕಮೋಡ್‌ನಲ್ಲಿ ನಿಂತ ನೀರಿಗೆ ಸೇರಿ, ಅಲ್ಲಿಂದ ನೇರ ಒಳಚರಂಡಿಗೆ ಹೋಗುತ್ತದೆ. ನೆಲ ಒದ್ದೆಯಾಗುವುದಿಲ್ಲ, ಗೋಡೆ ಹಸಿಯಾಗುವುದಿಲ್ಲ. ತಿಂಗಳುಗಟ್ಟಲೆ ಸೋರಿದರೂ ಮನೆಮಂದಿಗೆ ಸುಳಿವು ಸಿಗದಿರುವುದು ಇದಕ್ಕೇ.

◆ ಹೋಗುವ ನೀರು ಎಷ್ಟು? ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿಲಿಲೀಟರ್ ಎಂದು ಇಟ್ಟುಕೊಂಡರೆ ದಿನಕ್ಕೆ 288 ಲೀಟರ್ ಆಯಿತು. ಒಳಚರಂಡಿ ಇರುವ ಊರುಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್, ಮಹಾನಗರಗಳಲ್ಲಿ 150 ಲೀಟರ್ ಎಂಬುದು ಕೇಂದ್ರ ಸರ್ಕಾರದ ನೀರು ಪೂರೈಕೆ ಕೈಪಿಡಿಯ ಲೆಕ್ಕ. ಹೆಚ್ಚು ಕಡಿಮೆ ಇಬ್ಬರ ಪಾಲಿನ ನೀರನ್ನು ಟ್ಯಾಂಕಿನ ತಳದ ಒಂದು ರಬ್ಬರ್ ವಾಷರ್ ಕುಡಿದುಬಿಡುತ್ತದೆ.

◆ ಇದೇ ಲೆಕ್ಕದಲ್ಲಿ 6,000 ಲೀಟರ್‌ನ ಟ್ಯಾಂಕರ್ ಒಂದು ಖಾಲಿಯಾಗಲು 21 ದಿನ ಸಾಕು. 2024ರ ಬೇಸಿಗೆ ನೆನಪಿದೆಯಲ್ಲ? ಆ ಮಾರ್ಚ್‌ನಲ್ಲಿ ಬೆಂಗಳೂರಿನ ಟ್ಯಾಂಕರ್‌ಗಳಿಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು: 5 ಕಿಲೋಮೀಟರ್ ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ. ಟ್ಯಾಂಕರ್‌ಗಾಗಿ ರಾತ್ರಿಯೆಲ್ಲ ಕಾದ ಎಷ್ಟೋ ಮನೆಗಳಲ್ಲಿ ಅದೇ ನೀರು ಫ್ಲಶ್ ಟ್ಯಾಂಕಿನಿಂದ ಜಾರಿ ಹೋಗುತ್ತಿದ್ದಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

◆ ಸೋರಿಕೆ ಹಿಡಿಯಲು ಅಡುಗೆಮನೆಯಲ್ಲಿರುವುದೇ ಸಾಕು. ಟ್ಯಾಂಕಿನ ಮುಚ್ಚಳ ತೆಗೆದು, ಕೇಸರಿಬಾತ್‌ಗೆ ಹಾಕುವ ಬಣ್ಣವನ್ನು ಒಂದು ಚಿಟಿಕೆ ನೀರಿಗೆ ಬೆರೆಸಿ. ಇಲ್ಲವಾದರೆ ಗಟ್ಟಿ ಕಾಫಿ ಡಿಕಾಕ್ಷನ್ ಅರ್ಧ ಲೋಟ ಸುರಿಯಿರಿ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಆಮೇಲೆ ಹೋಗಿ ನೋಡಿದಾಗ ಕಮೋಡ್‌ನ ನೀರಿಗೆ ಬಣ್ಣ ಇಳಿದಿದ್ದರೆ ಟ್ಯಾಂಕ್ ಸೋರುತ್ತಿದೆ. ಅರಿಶಿನ ಬೇಡ, ಅದು ನೀರಿನಲ್ಲಿ ಸರಿಯಾಗಿ ಕರಗದೆ ತಳದಲ್ಲಿ ಕೂರುತ್ತದೆ. ಪರೀಕ್ಷೆ ಮುಗಿದ ಕೂಡಲೇ ಒಮ್ಮೆ ಫ್ಲಶ್ ಮಾಡಿಬಿಡಿ, ಕಲೆ ನಿಲ್ಲುವುದಿಲ್ಲ.

◆ ಬಣ್ಣವೂ ಬೇಡ ಎನ್ನುವವರಿಗೆ ಇನ್ನೂ ಸರಳ ದಾರಿ: ಫ್ಲಶ್ ಮಾಡಿ ಕಾಲು ಗಂಟೆಯ ನಂತರ ಕಮೋಡ್‌ನ ಒಳಗೋಡೆಯ ಹಿಂಭಾಗವನ್ನು ಒರೆಸಿ ಒಂದು ಒಣ ಟಿಶ್ಯೂ ಅಂಟಿಸಿ. ಅದು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ನೆನೆದರೆ ನೀರು ಇಳಿಯುತ್ತಿದೆ ಎಂದೇ ಅರ್ಥ.

◆ ನೀರಿನ ಮೀಟರ್ ನಮ್ಮ ಬಹುಪಾಲು ಮನೆಗಳಲ್ಲಿ ಈ ಸೋರಿಕೆಯನ್ನು ತೋರಿಸುವುದಿಲ್ಲ. ವಿದೇಶಿ ಪುಸ್ತಕಗಳು ‘ಎಲ್ಲ ನಲ್ಲಿ ಮುಚ್ಚಿ ಮೀಟರ್ ತಿರುಗುತ್ತದೆಯೇ ನೋಡಿ’ ಎನ್ನುತ್ತವೆ. ಅಲ್ಲಿ ಬೀದಿಯ ಪೈಪು ನೇರ ಮನೆಯೊಳಗೆ ಬರುತ್ತದೆ. ನಮ್ಮಲ್ಲಿ ಮೀಟರ್ ಅಳೆಯುವುದು ಸಂಪ್‌ಗೆ ಬೀಳುವ ನೀರನ್ನು ಮಾತ್ರ. ಅಲ್ಲಿಂದ ಮೋಟರ್ ಮೇಲಿನ ಟ್ಯಾಂಕಿಗೆ ಎತ್ತುತ್ತದೆ, ಅಲ್ಲಿಂದ ಕಮೋಡ್‌ಗೆ ಇಳಿಯುತ್ತದೆ. ಹಾಗಾಗಿ ನಮ್ಮ ಮನೆಗಳಲ್ಲಿ ಗಮನಿಸಬೇಕಾದದ್ದು ಮೋಟರನ್ನು. ದಿನಕ್ಕೊಮ್ಮೆ ಹಾಕುತ್ತಿದ್ದ ಮೋಟರನ್ನು ಎರಡು ಸಲ ಹಾಕಬೇಕಾಗುತ್ತಿದೆ, ಮನೆಯಲ್ಲಿ ಜನ ಮಾತ್ರ ಅಷ್ಟೇ ಇದ್ದಾರೆ ಎಂದರೆ ಮೊದಲು ಫ್ಲಶ್ ಟ್ಯಾಂಕುಗಳನ್ನು ನೋಡಿ. ಬೋರ್‌ವೆಲ್ ಮನೆಗಳಲ್ಲಿ ನೀರಿನ ಬಿಲ್ಲೇ ಇರುವುದಿಲ್ಲ. ಅಲ್ಲಿ ಸೋರಿಕೆಯ ಖರ್ಚು ಕರೆಂಟ್ ಬಿಲ್ಲಿನಲ್ಲಿ ಅಡಗಿರುತ್ತದೆ.

◆ ಈ ಅಂಕಣದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಫ್ಲಶ್ ಟ್ಯಾಂಕಿನಲ್ಲಿ ನೀರು ಬರುವ ಬಾಗಿಲು ಒಂದು, ಹೋಗುವ ಬಾಗಿಲು ಒಂದು. ಎರಡರಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯಲು ಪ್ಲಂಬರ್ ಬೇಕಿಲ್ಲ, ಒಂದು ಪೆನ್ಸಿಲ್ ಬೇಕು. ಟ್ಯಾಂಕ್ ತುಂಬಿದ ಮೇಲೆ ನೀರಿನ ಮಟ್ಟಕ್ಕೆ ಒಳಗೋಡೆಯ ಮೇಲೆ ಗೆರೆ ಎಳೆಯಿರಿ. ಗೋಡೆಯಿಂದ ಟ್ಯಾಂಕಿಗೆ ನೀರು ಕೊಡುವ ಆ್ಯಂಗಲ್ ಕಾಕ್ ಅನ್ನು ಬಲಕ್ಕೆ ತಿರುಗಿಸಿ ಪೂರ್ತಿ ಮುಚ್ಚಿ. ಅರ್ಧ ಗಂಟೆ ಬಿಟ್ಟು ಬನ್ನಿ. ನೀರು ಗೆರೆಯಿಂದ ಕೆಳಗಿಳಿದಿದ್ದರೆ ತಳದ ವಾಷರ್ ಕೆಟ್ಟಿದೆ. ಗೆರೆಯಲ್ಲೇ ನಿಂತಿದೆ, ಆದರೆ ಕಾಕ್ ತೆರೆದೊಡನೆ ಮತ್ತೆ ಕಮೋಡ್‌ಗೆ ನೀರು ಇಳಿಯುತ್ತಿದೆ ಎಂದರೆ ನೀರು ಬರುವ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ರೋಗ ಯಾವುದೆಂದು ತಿಳಿದ ಮೇಲೆ ಪ್ಲಂಬರ್ ಬಂದರೂ ‘ಪೂರ್ತಿ ಸೆಟ್ ಬದಲಾಯಿಸಬೇಕು’ ಎಂಬ ಮಾತಿಗೆ ನೀವು ತಲೆಯಾಡಿಸಬೇಕಾಗಿಲ್ಲ.

◆ ಅದೇ ಪೆನ್ಸಿಲ್ ಗೆರೆ ಸೋರಿಕೆಯನ್ನು ಅಳೆದೂ ಕೊಡುತ್ತದೆ. ಟ್ಯಾಂಕಿನ ಒಳಗಿನ ಉದ್ದ 40 ಸೆಂಟಿಮೀಟರ್, ಅಗಲ 15 ಸೆಂಟಿಮೀಟರ್ ಎಂದಾದರೆ, ನೀರು ಒಂದು ಸೆಂಟಿಮೀಟರ್ ಇಳಿಯಿತೆಂದರೆ 600 ಮಿಲಿಲೀಟರ್ ಹೋಯಿತು. ಅರ್ಧ ಗಂಟೆಗೆ ಒಂದು ಸೆಂಟಿಮೀಟರ್ ಎಂಬ ಕಣ್ಣಿಗೆ ಕಾಣದಷ್ಟು ನಿಧಾನದ ಇಳಿತವೂ ದಿನಕ್ಕೆ ಸುಮಾರು 29 ಲೀಟರ್ ಆಗುತ್ತದೆ.

◆ ನಡುರಾತ್ರಿ ಯಾರೂ ಬಚ್ಚಲಿಗೆ ಹೋಗದಿದ್ದರೂ ಟ್ಯಾಂಕಿಗೆ ನೀರು ತುಂಬುವ ಸದ್ದು ಕೇಳುತ್ತದೆಯೇ? ತಳದಿಂದ ನೀರು ಸ್ವಲ್ಪ ಸ್ವಲ್ಪವೇ ಇಳಿದು, ತೇಲುಬುರುಡೆ ಒಂದು ಮಟ್ಟಕ್ಕಿಂತ ಕೆಳಗೆ ಬಂದಾಗ ವಾಲ್ವ್ ತೆರೆದು, ತುಂಬಿ, ಮತ್ತೆ ಮುಚ್ಚುತ್ತಿದೆ. ಹೆದರುವಂಥದ್ದೇನಿಲ್ಲ. ತಳದ ವಾಷರ್ ಬದಲಿಸಿದರೆ ಆ ಸದ್ದು ನಿಲ್ಲುತ್ತದೆ.

◆ ಆ ವಾಷರ್ ನೋಡಬೇಕೆಂದರೆ ಕಾಕ್ ಮುಚ್ಚಿ, ಒಮ್ಮೆ ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ. ನಡುವಿನ ಕಂಬದಂಥ ಭಾಗವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಈಗಿನ ಬಹುತೇಕ ಪ್ಲಾಸ್ಟಿಕ್ ಮಾದರಿಗಳಲ್ಲಿ ಅದು ಕೈಗೆ ಬರುತ್ತದೆ. ಅದರ ಅಡಿಯಲ್ಲಿ ಬಳೆಯ ಹಾಗೆ ಒಂದು ರಬ್ಬರ್ ಅಥವಾ ಸಿಲಿಕೋನ್ ಉಂಗುರ ಇರುತ್ತದೆ. ಬೆರಳಿನಿಂದ ಅದರ ಅಂಚನ್ನು ಸುತ್ತಲೂ ಸವರಿ. ಮರಳಿನ ಒಂದು ಕಣ, ಸುಣ್ಣದ ಒಂದು ಹೊಪ್ಪಳಿಕೆ, ಅಥವಾ ವರ್ಷಗಟ್ಟಲೆ ಒಂದೇ ಕಡೆ ಒತ್ತಿ ಒತ್ತಿ ಬಿದ್ದ ತೋಡು ಬೆರಳಿಗೆ ಸಿಗುತ್ತದೆ. ನೀರು ನುಸುಳುವುದು ಅಲ್ಲಿಂದಲೇ. ಉಂಗುರ ಕೂರುವ ಪೀಠವನ್ನೂ ಬಟ್ಟೆಯಿಂದ ಒರೆಸಿ ಹಾಗೆಯೇ ಸವರಿ ನೋಡಿ. ಹೊಸ ವಾಷರ್ ಹಾಕಿಯೂ ಸೋರುವ ಟ್ಯಾಂಕುಗಳಲ್ಲಿ ತಪ್ಪು ಸಾಮಾನ್ಯವಾಗಿ ಈ ಪೀಠದ್ದೇ. ಎಷ್ಟೋ ಉಂಗುರಗಳನ್ನು ಮಗುಚಿ ಹಾಕಿದರೆ ಸವೆಯದ ಬದಿ ಕೆಳಗೆ ಬಂದು, ಹೊಸದು ತರುವವರೆಗೆ ಕೆಲಸ ನಡೆಯುತ್ತದೆ.

◆ ಹೊಸದನ್ನು ತರಲು ಹೋಗುವಾಗ ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಕಂಪನಿಯಿಂದ ಕಂಪನಿಗೆ ಅಳತೆ ಬೇರೆ. ನೋಡಲು ಒಂದೇ ಥರ ಇದ್ದರೂ ಎರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಕೂರುವುದಿಲ್ಲ.

◆ ಸುಣ್ಣದ ಹೊಪ್ಪಳಿಕೆ ಬರುವುದು ಗಡಸು ನೀರಿನಿಂದ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಆಳದ ಬೋರ್‌ವೆಲ್ ನೀರು ಎಷ್ಟೋ ಕಡೆ ಈ ಗಡಿಯ ಆಸುಪಾಸಿನಲ್ಲೇ ಇರುತ್ತದೆ. ಅಂಥ ಮನೆಗಳಲ್ಲಿ ವಾಷರ್ ಮತ್ತು ವಾಲ್ವ್‌ಗಳನ್ನು ಆಗಾಗ ಬಿಚ್ಚಿ ವಿನೆಗರ್‌ನಲ್ಲೋ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲೋ ಒಂದೆರಡು ಗಂಟೆ ನೆನೆಸಿದರೆ ಸುಣ್ಣ ಕರಗಿ ಬಿಡುತ್ತದೆ. ಚಾಕುವಿನಿಂದ ಕೆರೆಯಬೇಡಿ. ಕೆರೆದ ಗೀರೇ ಮುಂದಿನ ಸೋರಿಕೆಯ ದಾರಿ.

◆ ಟ್ಯಾಂಕಿನೊಳಗೆ ಹಾಕುವ ಕ್ಲೋರಿನ್ ಬಿಲ್ಲೆಗಳು ಕಮೋಡನ್ನು ಬೆಳ್ಳಗೆ ಇಡುತ್ತವೆ, ರಬ್ಬರನ್ನು ತಿನ್ನುತ್ತವೆ. ಫ್ಲಶ್ ಮಾಡದ ಹೊತ್ತಿನಲ್ಲೆಲ್ಲ ವಾಷರ್ ಆ ಕ್ಲೋರಿನ್ ನೀರಿನಲ್ಲೇ ನೆನೆಯುತ್ತಿರುತ್ತದೆ. ಬಿಲ್ಲೆ ಹಾಕಲೇಬೇಕಾದರೆ ಕಮೋಡ್‌ನ ಅಂಚಿಗೆ ತೂಗುಹಾಕುವಂಥದ್ದು ವಾಸಿ.

◆ ಬಚ್ಚಲಿನಲ್ಲಿ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಒಟ್ಟಿಗೆ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಬಾಟಲಿಯಲ್ಲಿ ಬರುವ ಬಹುತೇಕ ಟಾಯ್ಲೆಟ್ ಕ್ಲೀನರ್‌ಗಳಲ್ಲಿರುವುದೂ ಹೈಡ್ರೋಕ್ಲೋರಿಕ್ ಆ್ಯಸಿಡ್ಡೇ. ಮನೆಕೆಲಸಕ್ಕೆ ಬರುವವರಿಗೂ ಇದನ್ನು ಮರೆಯದೆ ಹೇಳಿ.

◆ ತೇಲುವ ಬುರುಡೆಯಿಂದ ತಾನಾಗಿ ಮುಚ್ಚಿಕೊಳ್ಳುವ ವಾಲ್ವನ್ನು 1790ರಲ್ಲೇ ಮೆಕ್ಸಿಕೊದ ಪಾದ್ರಿ, ವಿಜ್ಞಾನಿ ಹೋಸೆ ಆಂಟೋನಿಯೊ ಆಲ್ಸಾತೆ ತಮ್ಮ ಪತ್ರಿಕೆಯಲ್ಲಿ ವಿವರಿಸಿದ್ದರು. ನೀರು ಏರಿದಂತೆ ಬುರುಡೆ ಏರುತ್ತದೆ, ಬುರುಡೆ ಏರಿದಂತೆ ವಾಲ್ವ್ ಮುಚ್ಚುತ್ತದೆ. ಇನ್ನೂರು ವರ್ಷ ಕಳೆದರೂ ತತ್ತ್ವ ಅದೇ.

◆ ನೀರು ಬರುವ ವಾಲ್ವ್ ಕೆಟ್ಟರೂ ಟ್ಯಾಂಕ್ ಹೊರಗೆ ಉಕ್ಕುವುದಿಲ್ಲ. ಹೆಚ್ಚಾದ ನೀರು ನಡುವಿನ ಓವರ್‌ಫ್ಲೋ ಕೊಳವೆಯೊಳಗೆ ಇಳಿದು ಕಮೋಡ್‌ಗೆ ಹೋಗುತ್ತದೆ. ನೀರಿನ ಮಟ್ಟ ಆ ಕೊಳವೆಯ ಬಾಯಿಗಿಂತ ಒಂದು ಅಂಗುಲವಾದರೂ ಕೆಳಗಿರಬೇಕು. ಬಾಯಿಯ ಮಟ್ಟದಲ್ಲೇ ನೀರು ಮಿನುಗುತ್ತಿದ್ದರೆ ಬುರುಡೆಯ ಸ್ಕ್ರೂ ಅಥವಾ ಕ್ಲಿಪ್ ಸರಿಸಿ ಕೆಳಗಿಳಿಸಿ. ಎಷ್ಟು ಇಳಿಸಿದರೂ ನೀರು ನಿಲ್ಲದಿದ್ದರೆ ಬುರುಡೆಯನ್ನು ಬಿಚ್ಚಿ ಅಲ್ಲಾಡಿಸಿ. ಒಳಗೆ ನೀರು ಕುಲುಕಿದರೆ ಅದು ತೂತಾಗಿದೆ. ಬುರುಡೆ ಗಟ್ಟಿಯಾಗಿದ್ದರೆ ಕಾಕ್ ಮುಚ್ಚಿ ವಾಲ್ವ್‌ನ ಬಾಯಲ್ಲಿರುವ ಪುಟ್ಟ ಜಾಲರಿ ತೆಗೆದು ತೊಳೆಯಿರಿ. ಬೋರ್‌ವೆಲ್ ನೀರಿನ ಮರಳು, ಹಳೆಯ ಕಬ್ಬಿಣದ ಪೈಪಿನ ತುಕ್ಕು ಅಲ್ಲಿ ಸಿಕ್ಕಿಕೊಂಡಿರುತ್ತದೆ; ಅದನ್ನೂ ದಾಟಿ ಹೋದ ಕಣಗಳು ವಾಲ್ವ್ ಮುಚ್ಚದಂತೆ ಅಡ್ಡ ನಿಲ್ಲುತ್ತವೆ.

◆ ಮನೆಗೆ ಪ್ರೆಷರ್ ಪಂಪ್ ಹಾಕಿಸಿದ ತಿಂಗಳಲ್ಲೇ ಫ್ಲಶ್ ಟ್ಯಾಂಕ್ ಸೋರಲು ಶುರುವಾದರೆ ಅದು ಆಕಸ್ಮಿಕವಲ್ಲ. ಹತ್ತು ಮೀಟರ್ ಎತ್ತರದ ನೀರಿನಿಂದ ಸಿಗುವುದು ಸುಮಾರು ಒಂದು ಬಾರ್ ಒತ್ತಡ. ಮೇಲಿನ ಟ್ಯಾಂಕ್ ಆರು ಮೀಟರ್ ಎತ್ತರದಲ್ಲಿದ್ದರೆ 0.6 ಬಾರ್. ಪಂಪ್ ಅದನ್ನು ಎರಡು ಮೂರು ಬಾರ್‌ಗೆ ಏರಿಸುತ್ತದೆ. ಹಳೆಯ ಒತ್ತಡದಲ್ಲಿ ಸುಮ್ಮನೆ ಮುಚ್ಚಿಕೊಳ್ಳುತ್ತಿದ್ದ ಹಳೆಯ ವಾಲ್ವ್ ಹೊಸ ಒತ್ತಡವನ್ನು ತಡೆಯಲಾರದೆ ಸುಯ್ಯೆನ್ನುತ್ತದೆ. ಪಂಪ್‌ನ ಜೊತೆಗೇ ವಾಲ್ವ್ ಕೂಡ ಬದಲಿಸುವುದು ಜಾಣತನ.

◆ ಸರಪಳಿ ಎಳೆಯುವ ಹಳೆಯ ಎತ್ತರದ ಕಬ್ಬಿಣದ ಟ್ಯಾಂಕುಗಳು ಹೀಗೆ ಕದ್ದು ಸೋರುತ್ತಿರಲಿಲ್ಲ. ಅವುಗಳ ತಳದಲ್ಲಿ ವಾಷರ್ ಮುಚ್ಚಿದ ರಂಧ್ರವೇ ಇರಲಿಲ್ಲ. ಸರಪಳಿ ಎಳೆದಾಗ ನೀರು ಒಂದು ಬಾಗಿದ ಕೊಳವೆಯ ನೆತ್ತಿಯನ್ನು ಹತ್ತಿ ಇಳಿಯುತ್ತಿತ್ತು. ಎಳೆಯದಿದ್ದರೆ ಹತ್ತುವ ಪ್ರಶ್ನೆಯೇ ಇಲ್ಲ. ಬ್ರಿಟನ್ನಿನ ಮನೆಗಳಲ್ಲಿ ಈ ಸೈಫನ್ ಮಾದರಿಯೇ ಕಡ್ಡಾಯವಾಗಿತ್ತು. 1999ರ ನಿಯಮ ಬದಲಾವಣೆಯ ನಂತರ, 2001ರಿಂದ ಅಲ್ಲೂ ವಾಲ್ವ್ ಮಾದರಿಗೆ ಅನುಮತಿ ಸಿಕ್ಕಿತು. ಸದ್ದಿಲ್ಲದ ಸೋರಿಕೆಯೂ ಅದರ ಹಿಂದೆಯೇ ಬಂತು. ಹೊಸದೆಲ್ಲ ಹಳೆಯದಕ್ಕಿಂತ ಮೇಲು ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

◆ ದೊಡ್ಡದು, ಚಿಕ್ಕದು ಎಂದು ಎರಡು ಗುಂಡಿ ಇರುವ ಫ್ಲಶ್ ಆಸ್ಟ್ರೇಲಿಯಾದ ಕೊಡುಗೆ. ಬರಗಾಲ ಕಂಡ ಆ ದೇಶದ ಕರೋಮಾ ಕಂಪನಿಯಲ್ಲಿ ಬ್ರೂಸ್ ಥಾಂಪ್ಸನ್ 1980ರಲ್ಲಿ ರೂಪಿಸಿದ ಮೊದಲ ಮಾದರಿ 11 ಲೀಟರ್ ಮತ್ತು 5.5 ಲೀಟರ್ ಬಿಡುತ್ತಿತ್ತು. ಇಂದು 6 ಮತ್ತು 3 ಲೀಟರ್ ಸಾಮಾನ್ಯ. ಆದರೆ ಈ ಗುಂಡಿಗಳದೇ ಒಂದು ತೊಂದರೆಯಿದೆ: ಒತ್ತಿದ ಗುಂಡಿ ಪೂರ್ತಿ ಮೇಲೆ ಬಾರದೆ ಸಿಕ್ಕಿಕೊಂಡರೆ ತಳದ ವಾಲ್ವ್ ಕೂದಲೆಳೆಯಷ್ಟು ತೆರೆದೇ ಇರುತ್ತದೆ. ಮುಚ್ಚಳ ತೆಗೆದ ಕೂಡಲೇ ಸೋರಿಕೆ ನಿಂತರೆ ತಪ್ಪು ವಾಷರ್‌ನದಲ್ಲ, ಗುಂಡಿಯ ಕಡ್ಡಿ ಉದ್ದವಾಗಿದೆ. ಅದನ್ನು ಸ್ವಲ್ಪ ತಿರುಗಿಸಿ ಗಿಡ್ಡ ಮಾಡಿದರೆ ಮುಗಿಯಿತು.

◆ ನೀರು ಉಳಿಸಲು ಟ್ಯಾಂಕಿನಲ್ಲಿ ಇಟ್ಟಿಗೆ ಇಡುವುದು ಹಳೆಯ ಸಲಹೆ. ಇಟ್ಟಿಗೆ ನೀರಿನಲ್ಲಿ ನೆನೆದು ಕಣಕಣವಾಗಿ ಉದುರಿ ವಾಷರ್ ಕೆಳಗೆ ಕೂರುತ್ತದೆ. ಉಳಿಸಿದ್ದಕ್ಕಿಂತ ಹೆಚ್ಚು ಸೋರಿಹೋಗುತ್ತದೆ. ನೀರು ತುಂಬಿ ಮುಚ್ಚಿದ ಬಾಟಲಿ ಇಡಿ.

◆ ಕಮೋಡ್ ಪಕ್ಕದ ನೆಲ ಒದ್ದೆಯಾದಾಗಲೆಲ್ಲ ಕಮೋಡೇ ಸೋರುತ್ತಿರಬೇಕೆಂದಿಲ್ಲ. ಮೊದಲು ಹೆಲ್ತ್ ಫಾಸೆಟ್ ನೋಡಿ. ಅದರ ಕಾಕ್ ಸದಾ ತೆರೆದಿಟ್ಟು ಕೈಹಿಡಿಯಲ್ಲಷ್ಟೇ ನೀರು ನಿಲ್ಲಿಸುವುದು ನಮ್ಮ ಅಭ್ಯಾಸ. ಆಗ ಹೋಸ್ ಪೈಪಿನಲ್ಲಿ ಹಗಲೂ ರಾತ್ರಿ ಒತ್ತಡ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅದು ಸೀಳಿದರೆ ಮೇಲಿನ ಟ್ಯಾಂಕ್ ಪೂರ್ತಿ ಖಾಲಿ. ಬಳಸಿದ ಮೇಲೆ ಕಾಕ್ ಮುಚ್ಚುವುದನ್ನು ಮಕ್ಕಳಿಗೂ ಕಲಿಸಿ.

◆ ಪೈಪಿನ ಮರೆಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪಿನ ಮೂಲವಸ್ತುವನ್ನು 1938ರಲ್ಲಿ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಕಂಡದ್ದು ಆಕಸ್ಮಿಕವಾಗಿ, ಶೀತಕ ಅನಿಲದ ಪ್ರಯೋಗದ ನಡುವೆ. ಮರೆ ಇರುವ ಕೊನೆ ನಿಮ್ಮ ಕಡೆಗಿರಲಿ, ಟೇಪನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿ. ತಿರುಗಾಮುರುಗಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತದೆ. ಇನ್ನು, ಆ್ಯಂಗಲ್ ಕಾಕ್‌ನಿಂದ ಟ್ಯಾಂಕಿಗೆ ಹೋಗುವ ಕನೆಕ್ಷನ್ ಪೈಪಿನ ನಟ್ಟಿಗೆ ಈ ಟೇಪ್ ಬೇಕಿಲ್ಲ. ಅಲ್ಲಿ ನೀರು ತಡೆಯುವುದು ನಟ್ಟಿನೊಳಗಿನ ರಬ್ಬರ್ ವಾಷರ್. ಅದನ್ನೇ ಬದಲಿಸಿ, ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರ್‌ನಿಂದ ಕಾಲು ಸುತ್ತು ಕೊಟ್ಟರೆ ಸಾಕು. ಬಲ ಹಾಕಿದರೆ ಪ್ಲಾಸ್ಟಿಕ್ ಮರೆ ಸೀಳುತ್ತದೆ.

◆ ಫ್ಲಶ್ ಮಾಡಿದಾಗ ಮಾತ್ರ ಕಮೋಡ್‌ನ ಬುಡದಲ್ಲಿ ನೀರು ಕಾಣಿಸಿಕೊಂಡರೆ, ಕಮೋಡ್ ನೆಲದ ಪೈಪಿಗೆ ಸೇರುವ ಜೋಡಣೆ ಬಿಟ್ಟಿದೆ. ಬುಡದ ಸುತ್ತ ವೈಟ್ ಸಿಮೆಂಟ್ ಮೆತ್ತಿ ಮುಗಿಸುವವರಿದ್ದಾರೆ. ಅದು ನೀರನ್ನು ಮುಚ್ಚಿಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಆ ಕೊಳಕು ನೀರು ಟೈಲ್ಸ್ ಕೆಳಗೆ ಸೇರುತ್ತದೆ. ಇದು ಕಮೋಡ್ ಎತ್ತಿ ಕೂರಿಸಬೇಕಾದ ಕೆಲಸ. ಪ್ಲಂಬರನ್ನೇ ಕರೆಯಿರಿ.

◆ ಕೆಳಗಿನ ಮನೆಯ ಚಾವಣಿ ಹಸಿಯಾಗಿದೆ ಎಂದು ಜಗಳ ಹುಟ್ಟುವ ಮೊದಲು ಒಂದು ವಾರ ಗಮನಿಸಿ. ಕಲೆ ಯಾವ ಹೊತ್ತಿನಲ್ಲೂ ಒಂದೇ ಸಮ ಒದ್ದೆಯಾಗಿದ್ದರೆ ನೀರು ಕೊಡುವ ಪೈಪಿನ ಮೇಲೆ ಅನುಮಾನ ಹೆಚ್ಚು, ಏಕೆಂದರೆ ಅದರಲ್ಲಿ ಒತ್ತಡ ಸದಾ ಇರುತ್ತದೆ. ಬೆಳಗ್ಗೆ ಬಳಕೆಯ ಹೊತ್ತಿನಲ್ಲಿ ಹೆಚ್ಚಾಗಿ, ಮೇಲಿನವರು ಊರಿಗೆ ಹೋದಾಗ ಒಣಗಿದರೆ ಕೊಳಚೆ ಹೋಗುವ ಪೈಪೋ ಟೈಲ್ಸ್ ಸಂದೋ ಕಾರಣ. ನಮ್ಮ ಕಟ್ಟಡಗಳಲ್ಲಿ ಬಚ್ಚಲಿನ ಸ್ಲ್ಯಾಬ್ ತಗ್ಗಿಸಿ ಇಟ್ಟಿಗೆ ಚೂರು ತುಂಬಿರುವುದರಿಂದ ನೀರು ಅಲ್ಲಿ ನಿಂತು ನಿಧಾನವಾಗಿ ಇಳಿಯುತ್ತದೆ. ಒಂದೆರಡು ದಿನ ನೋಡಿ ತೀರ್ಮಾನಕ್ಕೆ ಬರಬೇಡಿ.

◆ ಅಮೆರಿಕದಲ್ಲಿರುವ ಕನ್ನಡಿಗರ ಮನೆಯಲ್ಲಿ ಬೇಸಿಗೆ ಬಂದರೆ ಪಿಂಗಾಣಿ ಟ್ಯಾಂಕಿನ ಹೊರಮೈಯಲ್ಲಿ ಹನಿಗಟ್ಟಿ ನೆಲ ಒದ್ದೆಯಾಗುವುದುಂಟು. ಅದು ಸೋರಿಕೆಯಲ್ಲ. ಮಣ್ಣಿನಾಳದ ಪೈಪಿನಿಂದ ಬರುವ ತಣ್ಣೀರಿನಿಂದ ತಂಪಾದ ಟ್ಯಾಂಕಿಗೆ ಸೆಕೆಯ ಗಾಳಿ ತಾಗಿ, ಅದರ ತೇವ ನೀರಾಗುತ್ತದೆ. ನಮ್ಮಲ್ಲಿ ತಾರಸಿಯ ಟ್ಯಾಂಕಿನ ನೀರು ಗಾಳಿಯಷ್ಟೇ ಬೆಚ್ಚಗಿರುವುದರಿಂದ ಈ ಬೆವರು ಅಪರೂಪ.

◆ ಗೋಡೆಯೊಳಗೆ ಹುದುಗಿಸಿದ ಟ್ಯಾಂಕ್ ಕೆಟ್ಟರೆ ಟೈಲ್ಸ್ ಒಡೆಯಬೇಕೆಂಬ ಭಯ ಬೇಡ. ಗುಂಡಿಗಳಿರುವ ಫಲಕವೇ ಅದರ ಬಾಗಿಲು. ಹೆಚ್ಚಿನವು ಮೇಲಕ್ಕೆ ಅಥವಾ ಪಕ್ಕಕ್ಕೆ ಸರಿಸಿದರೆ ಬಿಚ್ಚಿಕೊಳ್ಳುತ್ತವೆ. ನೀರು ನಿಲ್ಲಿಸುವ ಕಾಕ್, ವಾಲ್ವ್, ವಾಷರ್ ಎಲ್ಲವೂ ಆ ಕಿಂಡಿಯಿಂದಲೇ ಕೈಗೆ ಸಿಗುವಂತೆ ಮಾಡಿರುತ್ತಾರೆ.

◆ ಕಮೋಡ್‌ನಲ್ಲಿ ನಿಂತ ನೀರು ವ್ಯರ್ಥವಲ್ಲ. ಅದನ್ನು ಹಿಡಿದಿಟ್ಟು ಚರಂಡಿಯ ವಾಸನೆಯನ್ನು ತಡೆಯುವ ಬಾಗು ಕೊಳವೆಗೆ ಅಲೆಕ್ಸಾಂಡರ್ ಕಮಿಂಗ್ ಎಂಬ ಸ್ಕಾಟಿಷ್ ಗಡಿಯಾರ ತಯಾರಕ 1775ರಲ್ಲಿ ಪೇಟೆಂಟ್ ಪಡೆದ. ಆ ನೀರೇ ತಾನಾಗಿ ತಗ್ಗುತ್ತಿದ್ದರೆ ಕಮೋಡ್ ಎಲ್ಲೋ ಬಿರುಕು ಬಿಟ್ಟಿರಬಹುದು. ಇಲ್ಲವೇ ಒಂದು ಬಟ್ಟೆಯ ಎಳೆ ಬಾಗಿನಲ್ಲಿ ಸಿಕ್ಕಿ, ದೀಪದ ಬತ್ತಿ ಎಣ್ಣೆ ಹೀರುವಂತೆ ನೀರನ್ನು ಆಚೆಗೆ ಹೀರುತ್ತಿರಬಹುದು.

◆ ಬಿಹಾರದಲ್ಲಿ 1970ರಲ್ಲಿ ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ ಪಾಠಕ್ ಅವರ ಎರಡು ಮಲಗುಂಡಿಯ ಶೌಚಾಲಯಕ್ಕೆ ಕಡಿದಾದ ಇಳಿಜಾರಿನ ಬೇಸಿನ್‌ನಿಂದಾಗಿ ಒಂದೂವರೆ ಲೀಟರ್ ಆಸುಪಾಸಿನ ನೀರು ಸಾಕು. ಟ್ಯಾಂಕೇ ಇಲ್ಲ, ಕೈಯಲ್ಲಿ ಸುರಿದರಾಯಿತು.

◆ ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ ಸುಮಾರು 100 ಕಿಲೋಮೀಟರ್ ಬರುತ್ತದೆ; ದಾರಿಯಲ್ಲಿ ಹತ್ತಿರ ಹತ್ತಿರ 500 ಮೀಟರ್ ಮೇಲೇರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು, ಪಂಪಿನಲ್ಲಿ ಒಂದಿಷ್ಟೂ ನಷ್ಟವಾಗದಿದ್ದರೂ, 1.36 ಯೂನಿಟ್ ವಿದ್ಯುತ್ ಬೇಕೇ ಬೇಕು. ದಿನಕ್ಕೆ 288 ಲೀಟರ್ ಸೋರುವ ಒಂದು ಕಮೋಡ್ ತಿಂಗಳಿಗೆ 8,640 ಲೀಟರ್ ನೀರಿನ ಜೊತೆಗೆ ಹನ್ನೊಂದು ಯೂನಿಟ್‌ಗೂ ಹೆಚ್ಚು ವಿದ್ಯುತ್ತನ್ನು ಚರಂಡಿಗೆ ಬಿಡುತ್ತದೆ. ಅಷ್ಟು ದೂರ ಹೊತ್ತು ತಂದ ನದಿಯ ನೀರನ್ನು ಒಂದು ಉಂಗುರದ ಅಸಡ್ಡೆಗೆ ಕಳೆದುಕೊಳ್ಳುವುದು ತಪ್ಪು.

◆ ವರ್ಷಗಟ್ಟಲೆ ಮುಟ್ಟದ ಆ್ಯಂಗಲ್ ಕಾಕ್ ಬೇಕಾದಾಗ ತಿರುಗುವುದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಅದನ್ನು ಮುಚ್ಚಿ ತೆರೆಯುತ್ತಿರಿ. ಊರಿಗೆ ಹೊರಡುವಾಗ ಗ್ಯಾಸ್ ಸಿಲಿಂಡರ್ ಮುಚ್ಚಿದ ಹಾಗೆ ಇದನ್ನೂ ಮುಚ್ಚಿ ಹೊರಡಿ.

◆ ಟ್ಯಾಂಕ್ ಸೋರುತ್ತಿದೆ, ವಾಷರ್ ತರಲು ಇವತ್ತು ಆಗುವುದಿಲ್ಲ ಎಂದರೆ ಕಾಕ್ ಮುಚ್ಚಿಬಿಡಿ. ಅರ್ಧ ಬಕೆಟ್ ನೀರನ್ನು ಒಂದೇ ಸಲಕ್ಕೆ ರಭಸವಾಗಿ ಸುರಿದರೆ ಯಾವ ಕಮೋಡ್ ಆದರೂ ಸ್ವಚ್ಛವಾಗುತ್ತದೆ. ಅಂಗಡಿ ತೆರೆದ ದಿನ ವಾಷರ್ ತಂದು ಹಾಕಿ. ಅಲ್ಲಿಯವರೆಗೆ ಆ ಕಾಕ್ ಮುಚ್ಚಿಯೇ ಇರಲಿ.